ಗೀರು ಬಿದ್ದ ಕಾರ್ಡು ವಾಪಸ್ ಕೊಡ್ಬೇಕಾ?

ಪಾತ್ರೆ ಅಂಗಡಿಯಲ್ಲಿ ಅಮ್ಮಂದಿರು ಸ್ಟೀಲ್ ಡಬ್ಬಿಯನ್ನ ತಿರುಗಿಸಿ ತಿರುಗಿಸಿ ನೋಡ್ತಾರೆ. ಎಲ್ಲೋ ಒಂಚೂರು ನೆಗ್ಗಿದ್ರೆ "ಇದು ಬೇಡ, ಬೇರೆ ಕೊಡಪ್ಪಾ" ಅಂತಾರೆ. ಅಂಗಡಿಯವನೂ ಬೇರೆ ತೆಗೆದುಕೊಡ್ತಾನೆ. ಆದ್ರೆ ಆನ್‌ಲೈನ್‌ನಲ್ಲಿ ತರಿಸಿದ 35,000 ರೂಪಾಯಿಯ ಗ್ರಾಫಿಕ್ಸ್ ಕಾರ್ಡಿನ ಮೇಲೆ ಉಗುರಿನಷ್ಟುದ್ದದ ಗೀರು ಇದ್ರೆ? ಗೇಮ್ ಓಡುತ್ತೆ, ಬಿಸಿಯೂ ಜಾಸ್ತಿ ಆಗಲ್ಲ. ವಾಪಸ್ ಕಳಿಸಬೇಕಾ?

ನನ್ನ ಪ್ರಕಾರ, ಬರೀ ಅಂದಕ್ಕೋಸ್ಕರ ಆದ್ರೆ ಬೇಡ. ಆದ್ರೆ ಆ ಗೀರು ಹೇಗೆ ಬಂತು ಅಂತ ನೋಡದೆ ಸುಮ್ಮನಿರೋದೂ ಬೇಡ.

ಮೊದಲು ಕಾನೂನು. ಯೂರೋಪಿಯನ್ ಒಕ್ಕೂಟದ ದೇಶಗಳಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನ ಸಾಮಾನ್ಯವಾಗಿ 14 ದಿನದೊಳಗೆ ಕಾರಣವನ್ನೇ ಹೇಳದೆ ವಾಪಸ್ ಮಾಡಬಹುದು. ನಮ್ಮಲ್ಲಿ ಹಾಗಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತು ದೋಷವುಳ್ಳದ್ದೋ, ನಕಲಿಯೋ, ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ್ದೋ ಆದ್ರೆ ಮಾರಿದವನು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. 'ಹೊಸದು' ಅಂತ ಹೇಳಿ ಬಳಸಿದ್ದನ್ನ ಕೊಟ್ರೆ ಅದು ಹೇಳಿದಂತೆ ಇಲ್ಲ ತಾನೇ? ಅದಕ್ಕೇ ಗೀರನ್ನ ನಾನು ಕುರೂಪ ಅಂತ ನೋಡಲ್ಲ, ಸಾಕ್ಷಿ ಅಂತ ನೋಡ್ತೀನಿ.

ಬ್ಯಾಕ್‌ಪ್ಲೇಟ್ ಮೇಲೆ ಬಣ್ಣ ಎದ್ದಿದ್ರೆ ಫ್ಯಾಕ್ಟರಿಯಲ್ಲೇ ತಾಗಿರಬಹುದು. ಸ್ಲಾಟಿಗೆ ಹೋಗೋ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ತೆಳು ಗೆರೆ ಇದ್ರೂ ಗಾಬರಿ ಬೇಡ, ಟೆಸ್ಟ್ ಮಾಡೋವಾಗ ಬಂದಿರಬಹುದು. ಆದ್ರೆ ಬ್ರಾಕೆಟ್ಟಿನಲ್ಲಿ ಸ್ಕ್ರೂ ತಿರುಗಿಸಿದ ಗುರುತು, ಫ್ಯಾನಿನ ಹಿಂದೆ ಧೂಳು, ಎರಡನೇ ಸಲ ಅಂಟಿಸಿದಂಥ ಸೀಲ್ ಇದ್ರೆ ಆ ಕಾರ್ಡು ಇನ್ನೊಬ್ಬರ ಮನೆ ನೋಡಿ ಬಂದಿದೆ! 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ತನ್ನ ಪದ್ಧತಿ ಬದಲಿಸಿದ ಮೇಲೆ ಹಗಲೂ ರಾತ್ರಿ ಮೈನಿಂಗ್ ಮಾಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಸಾಲುಗಟ್ಟಿ ಬಂದಿದ್ದು ನೆನಪಿದೆಯಲ್ಲ.

ನನ್ನ ಗೆಳೆಯನಿಗೆ ಹೀಗೇ ಒಂದು ಬಂತು. ಹೀಟ್‌ಸಿಂಕ್ ತುಂಬಾ ಧೂಳು. ಮಾರಿದವನು "ಸಣ್ಣ ಗೀರು ಅಷ್ಟೇ ಸಾರ್, ಪರ್ಫಾರ್ಮೆನ್ಸಿಗೆ ಏನೂ ಆಗಲ್ಲ" ಅಂದ. ಗೆಳೆಯ ಬಿಡಲಿಲ್ಲ, ವಾಪಸ್ ಕಳಿಸಿದ. ಸರಿಯಾಗೇ ಮಾಡಿದ. ನನ್ನ ಕಾರ್ಡಿನ ಮೇಲೂ ಗೀರಿತ್ತು, ಆದ್ರೆ ಉಳಿದದ್ದೆಲ್ಲ ಸ್ವಚ್ಛ. ನಾನು ಇಟ್ಕೊಂಡೆ. ಆಫೀಸಿನಲ್ಲಿ "ದುಡ್ಡು ಕೊಟ್ಟಿಲ್ವಾ, ವಾಪಸ್ ಹಾಕು" ಅಂದವರೇ ಜಾಸ್ತಿ :)

ವಾಪಸ್ ಹೋದ ಕಾರ್ಡು ಎಲ್ಲಿಗೆ ಹೋಗುತ್ತೆ ಯೋಚಿಸಿದ್ದೀರಾ? ಸೀಲ್ ಒಡೆದಾಗಿದೆ. ಪ್ರಾಮಾಣಿಕ ಅಂಗಡಿಯವನು ವಿಷಯ ಹೇಳಿ ಕಮ್ಮಿ ಬೆಲೆಗೆ ಮಾರ್ತಾನೆ, ನಷ್ಟ ಅವನದ್ದು. ದೊಡ್ಡ ಕಂಪನಿ ತಡ್ಕೊಳ್ಳುತ್ತೆ, ಎಸ್.ಪಿ. ರೋಡಿನ ಸಣ್ಣ ಅಂಗಡಿಯವನಿಗೆ ಕಷ್ಟ. ಅಪ್ರಾಮಾಣಿಕನಾದ್ರೆ ಹೊಸ ಸ್ಟಿಕರ್ ಹಚ್ಚಿ ಇನ್ನೊಬ್ಬರಿಗೆ 'ಹೊಸದು' ಅಂತ ಕಳಿಸ್ತಾನೆ. ಅಂದ್ರೆ, ಗೀರಿನ ನೆಪದಲ್ಲಿ ಒಬ್ಬರು ಸುಮ್ಮಸುಮ್ಮನೆ ವಾಪಸ್ ಮಾಡಿದ್ದು ಇನ್ನೊಬ್ಬರಿಗೆ ಮೋಸದ ಮಾಲಾಗಿ ತಲುಪಬಹುದು. ಈ ಚಕ್ರದಲ್ಲಿ ನಾಳೆ ನಾವೇ ಆ ಇನ್ನೊಬ್ಬರು.

ಇಟ್ಕೊಳ್ಳೋದಾದ್ರೂ ಒಂದು ಕೆಲಸ ಮಾತ್ರ ಮರೀಬೇಡಿ. ಡಬ್ಬ ತೆಗೆಯೋವಾಗ ವಿಡಿಯೋ ಮಾಡಿ, ಗೀರಿನ ಫೋಟೋ ತೆಗೆದು ಅವತ್ತೇ ಮಾರಿದವನಿಗೆ ಮೇಲ್ ಹಾಕಿ. ಸೀರಿಯಲ್ ನಂಬರ್ ಡಬ್ಬದ ಮೇಲೂ ಕಾರ್ಡಿನ ಮೇಲೂ ಒಂದೇನಾ ನೋಡಿ. ಯಾಕಂದ್ರೆ ಎರಡು ವರ್ಷ ಆದ್ಮೇಲೆ ಕಾರ್ಡು ಕೆಟ್ಟು ಸರ್ವಿಸ್ ಸೆಂಟರಿಗೆ ಒಯ್ದಾಗ ಇದೇ ಗೀರನ್ನ ತೋರಿಸಿ "ಫಿಸಿಕಲ್ ಡ್ಯಾಮೇಜ್, ವಾರಂಟಿ ಇಲ್ಲ" ಅಂದುಬಿಡಬಹುದು. ಬೆಲೆಯಲ್ಲಿ ಸ್ವಲ್ಪ ಕಮ್ಮಿ ಮಾಡಿ ಅಂತ ಕೇಳೋದಕ್ಕೂ ನಾಚಿಕೆ ಬೇಡ, ಕೆಲವರು ಒಪ್ತಾರೆ. ಬಳಸಿದ ಮಾಲು ಕೊಟ್ಟು ವಾಪಸ್ ತಗೊಳ್ಳಲ್ಲ ಅಂತ ಹಟ ಹಿಡಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅಷ್ಟಕ್ಕೂ ಕಾರ್ಡು ಇರೋದು ಕ್ಯಾಬಿನೆಟ್ಟಿನ ಒಳಗೆ ಕಣ್ರೀ. ಅಲ್ಲಿ ಅದರ ಮುಖ ನೋಡೋರು ಯಾರು? ನೀವಾಗಿದ್ರೆ ಏನ್ಮಾಡ್ತಿದ್ರಿ?