ಗಾಲಿಯ ಮೇಲಣ ಸಂಸಾರ

ಅಮೆರಿಕಾ ದೇಶದಲ್ಲಿರುವ ಮಗನ ಮನೆಗೆ ಹೋಗಿ ಬಂದವರು ನಮ್ಮ ಊರಿನಲ್ಲಿ ಈಗ ಬೀದಿಗೆ ನಾಲ್ವರಾದರೂ ಇದ್ದಾರೆ. ಆದುದರಿಂದ ಆ ವಿಷಯವನ್ನು ಈ ಪುಟದಲ್ಲಿ ಎತ್ತಬಾರದೆಂದೇ ನಾವು ನಿಶ್ಚಯಿಸಿದ್ದೆವು. ಆದರೆ 2024ನೆಯ ಇಸವಿಯ ಜ್ಯೇಷ್ಠಮಾಸವಿಡೀ ನಾವು ಅಲ್ಲಿಯ ನೈರುತ್ಯ ಭಾಗದ ಮರುಭೂಮಿಯಲ್ಲಿ ಒಂದು ಮೋಟಾರು ಬಂಡಿಯೊಳಗೇ ಸಂಸಾರ ಹೂಡಿದ್ದೆವೆಂಬ ಸುದ್ದಿ ಹೇಗೋ ಹಬ್ಬಿ, ಐದು ಜನರಿಗೆ ಅದರಲ್ಲಿ ಅಡಿಗೆ ಹೇಗಾಯಿತೆಂದು ಗೃಹಿಣಿಯರು ನಮ್ಮ ಮನೆಯವರನ್ನು ಕೇಳಿ ಕೇಳಿ ದಣಿಸಿದ್ದಾರೆ. ಒಮ್ಮೆ ಬರೆದು ಮುಗಿಸುವುದೇ ಲೇಸು. ಆ ವರ್ಷ ಕ್ರೋಧಿ ಸಂವತ್ಸರ. ಅಲ್ಲಿಯ ಬಿಸಿಲಿಗೆ ಒಪ್ಪುವ ಹೆಸರು.

ಆರ್.ವಿ. ಎಂದು ಆ ದೇಶದವರು ಕರೆಯುವ ಆ ಬಂಡಿಯ ಉದ್ದ ಇಪ್ಪತ್ತೈದು ಅಡಿ. ಸಾರಥಿಯ ಪೀಠದ ಮೇಲೆ ಒಂದು ಅಟ್ಟ, ಅದು ಮೊಮ್ಮಗಳ ಹಾಸಿಗೆ. ನಡುವೆ ಊಟದ ಮೇಜು. ರಾತ್ರಿ ಅದನ್ನು ತಗ್ಗಿಸಿದರೆ ಮಂಚ. ಹಿಂದುಗಡೆ ಇನ್ನೊಂದು ಮಂಚ. ಗ್ಯಾಸಿನ ಒಲೆ, ತಂಪುಪೆಟ್ಟಿಗೆ, ಬೀರುವಿನಷ್ಟು ಅಗಲದ ಬಚ್ಚಲು. ಕೆಳಗೆ ಮೂರು ತೊಟ್ಟಿಗಳು: ಶುದ್ಧೋದಕಕ್ಕೆ ಒಂದು, ಪಾತ್ರೆ ತೊಳೆದ ನೀರಿಗೆ ಒಂದು, ಮೂರನೆಯದರ ಮಾತು ಮುಂದೆ ಬರುತ್ತದೆ. ಶುದ್ಧೋದಕ ಹಿಡಿಯುತ್ತಿದ್ದುದು ಸುಮಾರು 150 ಲೀಟರು. ಊರಿನಲ್ಲಿ ನಮ್ಮೊಬ್ಬರ ಅಭ್ಯಂಗಸ್ನಾನಕ್ಕೆ ಎಷ್ಟು ಬೇಕಾಗುತ್ತಿತ್ತೆಂಬುದನ್ನು ನಾವು ಆಗ ಮೊದಲ ಬಾರಿಗೆ ಲೆಕ್ಕ ಹಾಕಿ, ಯಾರಿಗೂ ಹೇಳದೆ ಸುಮ್ಮನಾದೆವು.

ಅಡಿಗೆಯ ವಿಷಯ: ಬೆಳಗಿನ ಜಾವಕ್ಕೆ ಎದ್ದು ಅನ್ನ ಹುಳಿಗಳನ್ನು ಮುಗಿಸಿಬಿಡತಕ್ಕದ್ದು. ಹೊತ್ತೇರಿದ ಮೇಲೆ ಒಲೆ ಹೊತ್ತಿಸಿದರೆ ಬಂಡಿಯೇ ಕುಲುಮೆ. ಮಧ್ಯಾಹ್ನಕ್ಕೆ ಮೊಸರನ್ನ, ರಾತ್ರಿಗೆ ಅವಲಕ್ಕಿ. ಮೊದಲನೆಯ ದಿನ ನಮ್ಮ ಮನೆಯವರು ಒಗ್ಗರಣೆ ಹಾಕಿದೊಡನೆ, ಹೊಗೆಯನ್ನು ಕಂಡರೆ ಕಿರಿಚುವ ಯಂತ್ರವೊಂದು ಬಡಿದುಕೊಂಡು, ಪಕ್ಕದ ಬಂಡಿಗಳವರೆಲ್ಲ ಓಡಿ ಬಂದರು. ಅಂದಿನಿಂದ ಸಾಸಿವೆ ಸಿಡಿದದ್ದು ಹೊರಗೆ, ಮರದ ಕೆಳಗಿನ ಪುಟ್ಟ ಒಲೆಯ ಮೇಲೆ.

ಬೇಸಗೆಯಲ್ಲಿ ಮರುಭೂಮಿಗೆ ಹೋಗುವುದು ಬುದ್ಧಿವಂತರ ಲಕ್ಷಣವಲ್ಲ. ಮಗನಿಗೆ ರಜೆಯೂ ಮಗುವಿನ ಶಾಲೆಗೆ ಬಿಡುವೂ ಕೂಡಿ ಬಂದದ್ದು ಆಗಲೇ ಎಂಬುದಷ್ಟೇ ನಮ್ಮ ಸಮಾಧಾನ. ಮಗನು ಇರುವ ಫೀನಿಕ್ಸ್ ನಗರದಲ್ಲಿ 2023ನೆಯ ಇಸವಿಯಲ್ಲಿ ಎಡೆಬಿಡದೆ 31 ದಿನ ಹಗಲಿನ ಗರಿಷ್ಠ ಉಷ್ಣಮಾನ 43 ಡಿಗ್ರಿಯನ್ನು ದಾಟಿತ್ತು. ಇದಕ್ಕೆ ಅಲ್ಲಿಯವರು ಕಂಡುಕೊಂಡಿರುವ ಉಪಾಯ ಸರಳವಾದದ್ದು: ಎತ್ತರಕ್ಕೆ ಹೋಗುವುದು. ಸಾವಿರ ಅಡಿ ಏರಿದರೆ ಸುಮಾರು ಎರಡು ಡಿಗ್ರಿ ತಂಪು. ಫೀನಿಕ್ಸ್ ಇರುವುದು ಸಾವಿರ ಅಡಿಯ ಮೇಲೆ. ಅಲ್ಲಿಂದ ಎರಡೂವರೆ ಗಂಟೆಯ ದಾರಿಯ ಫ್ಲಾಗ್‌ಸ್ಟಾಫ್ ಏಳು ಸಾವಿರ ಅಡಿಯ ಮೇಲೆ. ಬೆಳಿಗ್ಗೆ ಬೀಸಣಿಗೆಯಿಂದಲೂ ಶಾಂತಿಯಿಲ್ಲದೆ ಹೊರಟ ನಾವು ಅಂದಿನ ರಾತ್ರಿ ದೇವದಾರುವಿನ ಜಾತಿಯ ಮರಗಳ ಕೆಳಗೆ ಕಂಬಳಿ ಹುಡುಕಿದೆವು.

ದಾರಿಯ ಇಕ್ಕೆಲದ ಗುಡ್ಡಗಳ ಮೇಲೆ ಸಗುವಾರೋ ಎಂಬ ಕಳ್ಳಿಗಳು ಕೈಯೆತ್ತಿ ನಿಂತಿರುತ್ತವೆ. ಆ ಕೈ ಒಡೆಯಲು ಅದಕ್ಕೆ ಐವತ್ತು ಎಪ್ಪತ್ತು ವರ್ಷ ಬೇಕಂತೆ. ಆಯುಸ್ಸು ನೂರೈವತ್ತಕ್ಕೂ ಮೇಲೆ. ಮಳೆ ಬಂದಾಗ ಮೈಯ ನೆರಿಗೆಗಳನ್ನು ಬಿಡಿಸಿಕೊಂಡು ನೀರು ತುಂಬಿಕೊಳ್ಳುತ್ತದೆ. ಅಲ್ಲಿಯ ಮೂಲ ನಿವಾಸಿಗಳಾದ ತೊಹೊನೊ ಓಧಮ್ ಜನರು ಜೂನ್ ತಿಂಗಳ ಕೊನೆಗೆ ಉದ್ದನೆಯ ಗಳುವಿನಿಂದ ಅದರ ಹಣ್ಣುಗಳನ್ನು ಕೆಡವಿ, ಪಾಕ ಕಾಸಿ, ಮಳೆಯನ್ನು ಕರೆಯುತ್ತಾರೆ. ಅವರಿಗೆ ಯುಗಾದಿ ಆಗಲೇ.

ಮರು ಎಂಬ ಶಬ್ದ ಸಾಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿತೆಂದೂ, ಮೃಗತೃಷ್ಣೆ ಎಂದರೆ ಜಿಂಕೆಯ ಬಾಯಾರಿಕೆಯೆಂದೂ ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆವು. ಬಳ್ಳಾರಿಯ ದಾರಿಯಲ್ಲಿ ಬಿಸಿಲ್ಗುದುರೆಯನ್ನು ನೋಡಿಯೂ ಇದ್ದೆವು. ಇಲ್ಲಿ ಕಂಡದ್ದು ಕೆರೆಯಲ್ಲ, ಸಮುದ್ರ. ಅದರಲ್ಲಿ ಬೆಟ್ಟಗಳ ನೆರಳು ಬೇರೆ. "ತಾತ, ಅಲ್ಲಿ ನಿಲ್ಲಿಸಿ ತೊಟ್ಟಿ ತುಂಬಿಸೋಣ" ಎಂದಳು ಮೊಮ್ಮಗಳು. ಆಗ ತೊಟ್ಟಿಯಲ್ಲಿ ಇದ್ದದ್ದು ಕಾಲುಭಾಗ.

ನಿಜವಾಗಿ ತುಂಬಿಸಿದ್ದು ನವಾಹೊ ಜನರ ನಾಡಿನ ಒಂದು ಕೊಳಾಯಿಯ ಬಳಿ. ಮುಂದೆ ಒಬ್ಬ ವೃದ್ಧೆ, ಮೊಮ್ಮಗನೊಡನೆ, ಗಾಡಿಯಲ್ಲಿಟ್ಟ ದೊಡ್ಡ ತೊಟ್ಟಿಗೆ ನೀರು ಬಿಡುತ್ತಿದ್ದರು. ಅವರೂ ನಮ್ಮಂತೆ ಪ್ರವಾಸಿಗಳೆಂದು ನಾವು ಬಗೆದೆವು. ಅಲ್ಲ, ಮನೆಗೆ ಒಯ್ಯುವ ನೀರು ಅದು. ಆ ನಾಡಿನಲ್ಲಿ ಮೂರು ಮನೆಗಳಲ್ಲಿ ಒಂದಕ್ಕೆಂಬಷ್ಟು ಕೊಳಾಯಿಯೇ ಇಲ್ಲ. ಕೊಲರಾಡೋ ನದಿಯ ನೀರನ್ನು ಏಳು ಸಂಸ್ಥಾನಗಳು ಹಂಚಿಕೊಂಡ 1922ನೆಯ ಇಸವಿಯ ಒಪ್ಪಂದದಲ್ಲಿ ಅವರನ್ನು ಕೂಡಿಸಿಕೊಂಡಿರಲಿಲ್ಲ. 1868ರ ಕರಾರಿನ ಪ್ರಕಾರ ನೀರು ಒದಗಿಸಿಕೊಡಲು ಸರ್ಕಾರವು ಬದ್ಧವಲ್ಲವೆಂದು 2023ರ ಜೂನ್ ತಿಂಗಳಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ತೀರ್ಪು ಕೊಟ್ಟಿತು. 1924ರ ಕಾವೇರಿ ಒಪ್ಪಂದವನ್ನು ಬಾಯಲ್ಲಿಟ್ಟುಕೊಂಡು ಬೆಳೆದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆಕೆ ತಮ್ಮ ತೊಟ್ಟಿ ತುಂಬುವ ಮೊದಲೇ ಕೊಳವೆಯನ್ನು ನಮ್ಮ ಕಡೆಗೆ ಚಾಚಿ, ಮಗುವಿದೆಯಲ್ಲ, ಮುಂದೆ ಹಿಡಿಯಿರಿ ಎಂದರು.

ಗಡಿಯಾರದ ಫಜೀತಿಯನ್ನು ಬರೆಯತೊಡಗಿದರೆ ಪುಟ ಸಾಲದು. ಬೇಸಗೆಯಲ್ಲಿ ಅರಿಜೋನಾದವರು ಗಡಿಯಾರ ಮುಂದಿಡುವುದಿಲ್ಲ, ನವಾಹೊ ನಾಡಿನವರು ಇಡುತ್ತಾರೆ, ಅದರ ಒಳಗೇ ಇರುವ ಹೋಪಿ ಜನರು ಇಡುವುದಿಲ್ಲ. ನಾವು ಸೂರ್ಯನನ್ನು ನೋಡಿ ಸಂಧ್ಯಾವಂದನೆ ಮುಗಿಸಿದೆವು.

ಇನ್ನು ಆ ಮಹಾಕಮರಿ, ಗ್ರ್ಯಾಂಡ್ ಕ್ಯಾನ್ಯನ್. ಉದ್ದ 446 ಕಿಲೋಮೀಟರು, ಆಳ ಒಂದು ಮೈಲಿ. ಅದರೊಳಗೆ ಎದ್ದು ನಿಂತ ಶಿಖರಗಳಿಗೆ ವಿಷ್ಣುಮಂದಿರ, ಶಿವಮಂದಿರ ಎಂದು ಹೆಸರು! ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸಂಶೋಧನೆ ಮಾಡಿದ ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿ ಇಟ್ಟದ್ದು. ತಳದ ಕರಿಯ ಬಂಡೆಗೂ ವಿಷ್ಣುವಿನದೇ ಹೆಸರು. ಅದರ ವಯಸ್ಸು ಸುಮಾರು 170 ಕೋಟಿ ವರ್ಷ. ನಮ್ಮ ಕಲ್ಪವೊಂದಕ್ಕೆ 432 ಕೋಟಿ. ಅರ್ಧ ಕಲ್ಪವೂ ಆಗಿಲ್ಲವೆಂದು ನಾವು ಸ್ವಲ್ಪ ಬಿಂಕದಿಂದ ಸೊಸೆಗೆ ವಿವರಿಸುತ್ತಿದ್ದೆವು. ಆಗಲೇ ಬಂಡಿಯ ಗೋಡೆಯ ಮೇಲೆ ಕೆಂಪು ದೀಪ ಹೊತ್ತಿತು. ಮೂರನೆಯ ತೊಟ್ಟಿ ತುಂಬಿತ್ತು.

ಅದು ಶೌಚದ ತೊಟ್ಟಿ. ಬಿಡಾರಗಳ ಬಳಿ ಅದನ್ನು ಬರಿದು ಮಾಡುವ ಗುಂಡಿಯೊಂದಿರುತ್ತದೆ. ದಪ್ಪ ಕೊಳವೆಯನ್ನು ಸಿಕ್ಕಿಸಿ ನಾವೇ ಬಿಡಬೇಕು. ಅದಕ್ಕೆ ಆಳುಗಳಿಲ್ಲ. ಅಲ್ಲಿಯವರೆಗೆ ಮಗನೇ, ನಾವು ಏಳುವ ಮುನ್ನ, ಅದನ್ನು ಮುಗಿಸುತ್ತಿದ್ದನು. ಹಿಂದಿನ ದಿನ ಚಕ್ರ ಬದಲಿಸುವಾಗ ಅವನ ಸೊಂಟ ಹಿಡಿದುಕೊಂಡಿತ್ತು. ಸೊಸೆಯು ಮಾತಿಲ್ಲದೆ ಕೈಚೀಲಗಳನ್ನು ತೊಟ್ಟು ಇಳಿದಳು. "ಅಣ್ಣ, ನೀವು ಒಳಗೇ ಇರಿ" ಎಂದನು ಮಗ. ನಾವು ಒಳಗೇ ಇದ್ದೆವು, ಎರಡು ನಿಮಿಷ.

ಆ ಎರಡು ನಿಮಿಷದಲ್ಲಿ ನಮ್ಮ ಹಿತ್ತಿಲ ಓಣಿ ಕಣ್ಣ ಮುಂದೆ ಬಂದಿತು. ನಮಗೆ ಆಗ ಆರೇಳು ವರ್ಷ. ದಿನವೂ ಬೆಳಿಗ್ಗೆ ಒಬ್ಬ ಹೆಂಗಸು ಹಿತ್ತಿಲ ಕಡೆಯಿಂದ ಬಂದು ನಮ್ಮ ಮನೆಯ ಮಲವನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ನಮ್ಮ ತಾಯಿ ದೂರದಿಂದ ನೀರು ಹೊಯ್ಯುತ್ತಿದ್ದರು. ಹಬ್ಬದ ದಿನ ಮಿಕ್ಕದ್ದನ್ನು ಎತ್ತರದಿಂದ ಹಾಕುತ್ತಿದ್ದರು. 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ, ಕರ್ನಾಟಕದಲ್ಲಿ ಆ ಪದ್ಧತಿಗೆ ನಿಷೇಧ ಬಂದಿತು. ಆಮೇಲೆ ಆಕೆ ಏನಾದಳೆಂದು ನಾವಾರೂ ಕೇಳಲಿಲ್ಲ.

ನಾವು ಇಳಿದು ಹೋದೆವು. ಸೊಸೆ ಒಮ್ಮೆ ನೋಡಿ, ಇನ್ನೊಂದು ಜೊತೆ ಕೈಚೀಲ ಕೊಟ್ಟು, "ಮಾವ, ಮೊದಲು ಈ ತೊಟ್ಟಿ, ಆಮೇಲೆ ಪಾತ್ರೆ ತೊಳೆದ ನೀರು ಬಿಟ್ಟರೆ ಕೊಳವೆ ತಾನೇ ತೊಳೆಯುತ್ತೆ" ಎಂದಳು. ಕೆಲಸ ಕಾಲು ಗಂಟೆಯದು. ವಾಸನೆಯನ್ನು ಬಣ್ಣಿಸುವುದಿಲ್ಲ. ನಮ್ಮ ಮನೆಯವರು ಬಾಗಿಲಲ್ಲಿ ಎರಡು ಚೊಂಬು ನೀರು ಹಿಡಿದು ನಿಂತಿದ್ದರು. ಅಂದಿನ ಸ್ನಾನ ಅಷ್ಟೇ. ತಿಂಗಳ ಕೊನೆಯವರೆಗೆ ಆ ಕೆಲಸ ನಮ್ಮದಾಯಿತು.

ಊರಿಗೆ ಬಂದ ಮೇಲೆ, ಎಂಬತ್ತು ದಾಟಿದ ನಮ್ಮ ಅಕ್ಕನನ್ನು ಆ ಹೆಂಗಸಿನ ಹೆಸರು ಕೇಳಿದೆವು. ಅಕ್ಕನಿಗೆ ಹಿತ್ತಿಲ ಬಾಗಿಲ ಬಣ್ಣ ನೆನಪಿದೆ, ಆಕೆಯ ಸೀರೆಯ ಬಣ್ಣ ನೆನಪಿದೆ, ಕೂಗುವ ದನಿ ನೆನಪಿದೆ. ಹೆಸರು ಎಂದಾಗ ಬಹಳ ಹೊತ್ತು ಯೋಚಿಸಿ, "ನಾವು ಯಾರೂ ಕೂಗಿ ಕರೀಲೇ ಇಲ್ಲವಲ್ಲೋ, ಅವಳೇ ಬರ್ತಿದ್ದಳು" ಎಂದಳು.