ಊರು ಚಿಕ್ಕದು, ಹಕ್ಕಿ ದೊಡ್ಡದು

ಅಮೆರಿಕದ ವಯೋಮಿಂಗ್ ರಾಜ್ಯದ ಥರ್ಮೊಪೊಲಿಸ್‌ನಲ್ಲಿ ಮೂರು ಸಾವಿರ ಜನರೂ ಇಲ್ಲ. ಬಿಸಿನೀರ ಬುಗ್ಗೆಗಳನ್ನು ನೋಡಿ ಪ್ರವಾಸಿಗರು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕಡೆ ಕಾರು ತಿರುಗಿಸುತ್ತಾರೆ. ಆ ಅವಸರ ದುಬಾರಿ.

ಇಲ್ಲಿನ ವಯೋಮಿಂಗ್ ಡೈನೋಸಾರ್ ಸೆಂಟರ್‌ನಲ್ಲಿ 106 ಅಡಿ ಉದ್ದದ ಸೂಪರ್‌ಸಾರಸ್ ಅಸ್ಥಿಪಂಜರ ನಿಂತಿದೆ. ಮಕ್ಕಳು ಅದರ ಮುಂದೆಯೇ ಠಿಕಾಣಿ ಹೂಡುತ್ತಾರೆ. ಆದರೆ ನಿಜವಾದ ಆಸ್ತಿ ಕಾಗೆ ಗಾತ್ರದ್ದು: ಜರ್ಮನಿಯ ಸುಣ್ಣಕಲ್ಲಿನಲ್ಲಿ ಸುಮಾರು 15 ಕೋಟಿ ವರ್ಷ ಅಚ್ಚೊತ್ತಿಕೊಂಡಿದ್ದ ಆದಿಹಕ್ಕಿ ಆರ್ಕಿಯಾಪ್ಟೆರಿಕ್ಸ್. 2005ರಲ್ಲಿ ವಿಜ್ಞಾನಿಗಳು ಇದರ ಪಾದಗಳನ್ನು ವಿವರಿಸಿದಾಗ, ಹೆಬ್ಬೆರಳು ಇಂದಿನ ಹಕ್ಕಿಗಳಂತೆ ಪೂರ್ತಿ ಹಿಂದಕ್ಕೆ ತಿರುಗಿರಲಿಲ್ಲವೆಂದು ತಿಳಿಯಿತು. ಅಂದರೆ ರೆಕ್ಕೆಪುಕ್ಕ ಬಂದಿದ್ದರೂ ಕೊಂಬೆ ಹಿಡಿದು ಕೂರುವ ಕಾಲು ಬಂದಿರಲಿಲ್ಲ. ಇಂಥ ಪಳೆಯುಳಿಕೆ ಖಾಸಗಿ ಮ್ಯೂಸಿಯಂನಲ್ಲಿರಬೇಕೇ ಎಂದು ಕೆಲವರು ಗೊಣಗಿದ್ದುಂಟು. ಸಂಶೋಧಕರಿಗೆ ಬಾಗಿಲು ತೆರೆದಿರಬೇಕೆಂಬುದು ನ್ಯಾಯವೇ. ಅದನ್ನು ಮಹಾನಗರದ ಮ್ಯೂಸಿಯಂಗೇ ಸಾಗಿಸಬೇಕೆಂಬ ವಾದ ಮಾತ್ರ ಮಹಾನಗರದ ಗರ್ವ.

ಊರಿನ ಇತಿಹಾಸಕ್ಕೆ ಹಾಟ್ ಸ್ಪ್ರಿಂಗ್ಸ್ ಕೌಂಟಿ ಮ್ಯೂಸಿಯಂ ಇದೆ. ದರೋಡೆಕೋರ ಬುಚ್ ಕ್ಯಾಸಿಡಿಯ ತಂಡ ಒರಗಿ ಕುಡಿಯುತ್ತಿತ್ತೆನ್ನುವ ಚೆರ್ರಿ ಮರದ ಬಾರ್ ಕಟ್ಟೆ ಅಲ್ಲಿನ ತಾರೆ. (ಕಳ್ಳರಿಗೆ ಸಿಗುವ ಮರ್ಯಾದೆ ಎಲ್ಲ ಊರಲ್ಲೂ ಒಂದೇ!)

ಇದಕ್ಕಿಂತ ಮುಖ್ಯವಾದ ಕಥೆ ಬುಗ್ಗೆಗಳದ್ದು. 1896ರಲ್ಲಿ ಶೊಶೋನಿ ಮತ್ತು ಅರಪಾಹೊ ಮೂಲನಿವಾಸಿ ಜನರಿಂದ ಅಮೆರಿಕ ಸರ್ಕಾರ ಈ ನೆಲವನ್ನು 60,000 ಡಾಲರ್‌ಗೆ ಪಡೆಯಿತು. ಸಹಿ ಹಾಕಿದವರಲ್ಲಿ ಶೊಶೋನಿ ನಾಯಕ ವಾಷಕಿಯೂ ಇದ್ದ. ಆ ಒಪ್ಪಂದವನ್ನು ಓದಿಕೊಂಡೇ ಪ್ರವಾಸಿಗರು ಬಿಸಿನೀರಿಗೆ ಇಳಿಯಲಿ.