ವಿದ್ಯಾರ್ಥಿಗಳ ಏಕಾಗ್ರತೆ

ಪರೀಕ್ಷೆಗಳು ಸಮೀಪಿಸಿದವೆಂದರೆ ಮನೆಮನೆಯಲ್ಲಿಯೂ ಒಂದೇ ಆಕ್ಷೇಪಣೆಯು ಕೇಳಿಬರುವುದು: ಹುಡುಗನು ಪುಸ್ತಕದ ಮುಂದೆ ಕುಳಿತಿರುತ್ತಾನೆ, ಮನಸ್ಸು ಮಾತ್ರ ಅಲ್ಲಿರುವುದಿಲ್ಲ. ಮನಸ್ಸು ಚಂಚಲವೆಂಬ ಈ ದೂರನ್ನು ಅರ್ಜುನನೇ ಶ್ರೀಕೃಷ್ಣನ ಮುಂದಿಟ್ಟಿದ್ದನು. ಅವನಿಗೆ ದೊರೆತ ಉತ್ತರವು ಗದರಿಕೆಯಲ್ಲ. ಅಭ್ಯಾಸ ಮತ್ತು ವೈರಾಗ್ಯಗಳೆಂಬ ಉಪಾಯ. ಮಹಾವೀರನಿಗೂ ದುಸ್ಸಾಧ್ಯವಾಗಿ ತೋರಿದುದನ್ನು ಹದಿನೈದು ವರ್ಷದ ಬಾಲಕನಿಂದ ಬೈದು ಪಡೆಯಬಯಸುವುದು ನ್ಯಾಯವೇ?

ಬೀದರ ಜಿಲ್ಲೆಯ ಔರಾದ ಸೀಮೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿರುವ ಡಾಬಕಾದಂತಹ ಗ್ರಾಮದ ವಿದ್ಯಾರ್ಥಿಯ ಸ್ಥಿತಿಯನ್ನು ವಾಚಕರು ಆಲೋಚಿಸಲಿ. ಆ ಸೀಮೆಯಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ತೆಲುಗು, ಲಂಬಾಣಿ ನುಡಿಗಳೂ ಮನೆಮಾತಾಗಿವೆ. ಅನೇಕ ಮಕ್ಕಳಿಗೆ ಮನೆಯ ಮಾತು ಒಂದು, ಪುಸ್ತಕದ ಭಾಷೆ ಇನ್ನೊಂದು. ಅರ್ಥವಾಗದ ಪುಟದ ಮೇಲೆ ಯಾರ ಚಿತ್ತವೂ ನಿಲ್ಲದು. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನಿಟ್ಟು ಒಳಗೆ ಕನ್ನಡವನ್ನು ಕಲಿಸಿದುದರ ಮರ್ಮವನ್ನು ಇಲ್ಲಿ ನೆನೆಯಬೇಕು. ತಿಳಿದ ನುಡಿಯಲ್ಲಿ ವಿವರಿಸಿದ ಪಾಠವೇ ಮನಸ್ಸನ್ನು ಹಿಡಿದು ನಿಲ್ಲಿಸುವುದು. ಉಪಾಧ್ಯಾಯರು ಕಠಿನ ಶಬ್ದಗಳನ್ನು ಮಗುವಿನ ಮನೆಮಾತಿನಲ್ಲಿ ಬಿಡಿಸಿ ಹೇಳಿದರೆ ಅರ್ಧ ಕಾರ್ಯವು ಆದಂತೆಯೇ.

ಇನ್ನು ಓದುವ ಕ್ರಮ. ಪುಟವನ್ನು ಹತ್ತು ಬಾರಿ ತಿರುವಿಹಾಕುವುದು ಓದಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಪುನಃ ಪುನಃ ಓದಿದವರು ಐದು ನಿಮಿಷಗಳ ಅನಂತರ ಮುಂದಿದ್ದರು. ಆದರೆ ಒಂದು ವಾರ ಕಳೆದ ಮೇಲೆ, ಓದಿದುದನ್ನು ನೆನಪಿನಿಂದ ಬರೆದು ನೋಡಿದವರೇ ಹೆಚ್ಚು ಉಳಿಸಿಕೊಂಡಿದ್ದರು. ನಮ್ಮ ಹಿರಿಯರು ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದುದರಲ್ಲಿ ಇದೇ ತಥ್ಯವಿದೆ. ಅರ್ಧ ಘಂಟೆ ಓದಿ, ಪುಸ್ತಕವನ್ನು ಮುಚ್ಚಿ, ತಿಳಿದುದನ್ನು ಸ್ವಂತ ಮಾತಿನಲ್ಲಿ ಹೇಳಬೇಕೆಂದು ಗೊತ್ತಿದ್ದರೆ ಅಲೆಯುವ ಮನಸ್ಸು ತಾನಾಗಿ ಎಚ್ಚರಗೊಳ್ಳುವುದು. ವೈರಾಗ್ಯಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ಓದುವ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟರೆ ಸಾಕು. ತಂದೆಯೂ ತನ್ನದನ್ನು ಅಲ್ಲಿಯೇ ಇಡತಕ್ಕದ್ದು.

ಆದರೆ ಒಂದೇ ಕೋಣೆಯ ಮನೆಯಲ್ಲಿ ಬೇರೆ ಕೋಣೆ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಮಗುವಲ್ಲ, ಊರು ಉತ್ತರ ಹೇಳಬೇಕು. ಇದೇ ಜಿಲ್ಲೆಯ ಬೀದರ ಪಟ್ಟಣದಲ್ಲಿ 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸೆಯಲ್ಲಿ ಪಾಠದ ಅಂಗಣಗಳಲ್ಲದೆ ಗ್ರಂಥಾಲಯವೂ ವಿದ್ಯಾರ್ಥಿಗಳ ವಾಸಕ್ಕೆ ಕೋಣೆಗಳೂ ಇದ್ದವು. ವಿದ್ಯೆಗೆ ಗುರುವಿನಷ್ಟೇ ಶಾಂತವಾದ ಸ್ಥಳವೂ ಬೇಕೆಂಬುದನ್ನು ಆ ಮಂತ್ರಿಯು ಬಲ್ಲವನಾಗಿದ್ದನು. ಇಂದು ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದಿವೆ. ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಇವುಗಳನ್ನು ರಾತ್ರಿ ಒಂಬತ್ತರವರೆಗೆ ದೀಪವಿಟ್ಟು ತೆರೆದಿಡುವಂತೆ, ಹೆಣ್ಣುಮಕ್ಕಳು ನಿರ್ಭಯವಾಗಿ ಬಂದು ಹೋಗುವಂತೆ, ಅಧಿಕಾರಿಗಳು ಏರ್ಪಾಡು ಮಾಡುವುದು ಅಸಾಧ್ಯವೇನಲ್ಲ.

ಧ್ವನಿವರ್ಧಕಗಳ ವಿಷಯದಲ್ಲಿ ಇನ್ನೊಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅವುಗಳನ್ನು ತಡೆಯುತ್ತವೆ. ಈ ಸಮಯದ ಮಿತಿಯು ನಿದ್ರೆಯನ್ನು ಕಾಯುವುದು. ಏಳರಿಂದ ಹತ್ತರವರೆಗಿನ ಓದನ್ನು ಕಾಯದು. ಅದನ್ನು ಕಾಯತಕ್ಕವರು ಮದುವೆ, ಜಾತ್ರೆ, ಉತ್ಸವಗಳನ್ನು ನಡೆಯಿಸುವ ಹಿರಿಯರೇ. ರಾಶಿಯ ಕಾಲದಲ್ಲಿ ಮಗುವನ್ನು ಹೊಲಕ್ಕೆ ಎಳೆದೊಯ್ದು, ಸಂಜೆ ಅದಕ್ಕೆ ಗಮನವಿಲ್ಲವೆಂದು ದೂರುವ ಪದ್ಧತಿಯೂ ನಿಲ್ಲಬೇಕು.

ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹತ್ತನೆಯ ತರಗತಿಯ ಫಲಿತಾಂಶದ ಪಟ್ಟಿಯಲ್ಲಿ ಹಲವು ವರ್ಷ ಕೆಳಗೆ ಉಳಿದುದನ್ನು ಕಂಡು ನಾವೆಲ್ಲರೂ ಮಕ್ಕಳನ್ನು ನಿಂದಿಸಿದ್ದೇವೆ. ಅವರಿಗೆ ನಿತ್ಯವೂ ಎರಡು ಘಂಟೆಗಳ ನಿಶ್ಶಬ್ದವನ್ನು ಕೊಟ್ಟಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವ ಕಾಲವು ಬಂದಿದೆ. ಅದನ್ನು ಕೊಟ್ಟ ಬಳಿಕವೇ ಅವರಿಂದ ಏಕಾಗ್ರತೆಯನ್ನು ಕೇಳುವ ಅಧಿಕಾರವು ನಮಗಿರುವುದು.